ಅಂಚಿನ ತೂತುಗಳು

ಮೈದಾ ಅಂಟು ಕುದಿಯುವಾಗ ಚಿಟಿಕೆ ಮೈಲುತುತ್ತ ಹಾಕಿದರೆ ಏಳುವ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿಲ್ಲದಿದ್ದರೆ ನಷ್ಟವೇನೂ ಇಲ್ಲ. ಇವತ್ತು ಬೆಳಿಗ್ಗೆ ಹಳೇ ಪುಸ್ತಕವೊಂದರ ರಟ್ಟು ಅಂಟಿಸಲೆಂದು ಒಂದು ಡಬ್ಬಿಯಲ್ಲಿ ಅದನ್ನು ಕಾಯಿಸುತ್ತಿದ್ದೆ. "ಆ ವಿಷಾನ ನನ್ನ ಒಲೆ ಮೇಲೇ ಕುದಿಸ್ಬೇಕೇನ್ರೀ?" ಎಂದು ಹೆಂಡತಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತ ಜೋಡಿಸತೊಡಗಿದಳು. ಬೇರೆ ದಿನವಾಗಿದ್ದರೆ ನಾನೂ ಒಂದು ಮಾತು ಏರಿಸಿಯೇ ಹೇಳುತ್ತಿದ್ದೆ. ಇವತ್ತು ಮಾತ್ರ ಆ ವಾಸನೆ ನನ್ನನ್ನು ಸಕಲೇಶಪುರದ ಬಳಿ ಹೊಂಗಡಹಳ್ಳದ ಕಡೆಯ ಕಾಫಿ ಎಸ್ಟೇಟಿಗೆ, ಸುಶೀಲಮ್ಮನವರ ಪಿಯಾನೊದ ಮುಂದಕ್ಕೆ ಒಯ್ದು ನಿಲ್ಲಿಸಿತ್ತು.

ತೊಂಬತ್ತರ ದಶಕದಲ್ಲಿ ನಾನು ಆ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ ಬರೆಯುವುದು ನನ್ನ ಕೆಲಸ. ಮಳೆಗಾಲ ದಾಟುವಷ್ಟರಲ್ಲಿ ಹುಳ ಹಿಡಿಯದ ಪುಸ್ತಕ ನಮ್ಮ ಕಡೆ ಇರುವುದಿಲ್ಲ. ಕಾಫಿ ಗಿಡಕ್ಕೆ ಹೊಡೆಯುವ ನೀಲಿ ಮೈಲುತುತ್ತವನ್ನೇ ಅಂಟಿಗೆ ಬೆರೆಸಿ, ತೆಳು ಕಾಗದದ ತೇಪೆ ಹಾಕಿ ಹಾಜರಿ ಪುಸ್ತಕಗಳನ್ನು ಉಳಿಸಿಕೊಳ್ಳುತ್ತಿದ್ದೆವು. ನನ್ನ ತೇಪೆಗಳು ಬೆರಳಿಗೂ ಸಿಗುತ್ತಿರಲಿಲ್ಲ. ಬೇರೆ ಯಾವ ವಿದ್ಯೆಯೂ ಕೈಹತ್ತದವನಿಗೆ ಇದೊಂದರಲ್ಲಿ ಭಾರಿ ಜಂಬವಿತ್ತು.

ಬಂಗಲೆಯ ಹಾಲಿನಲ್ಲಿದ್ದ ಪಿಯಾನೊ ತನ್ನಷ್ಟಕ್ಕೆ ತಾನೇ ನುಡಿಯುವಂಥದು. ತೂತು ತೂತಾದ ಕಾಗದದ ಸುರುಳಿಯೊಂದನ್ನು ಸಿಕ್ಕಿಸಿ ಸ್ವಿಚ್ ಹಾಕಿದರೆ, ಕೂತವರಿಲ್ಲದೆಯೇ ಬೆರಳೊತ್ತುವ ಮಣೆಗಳು ಕೆಳಗಿಳಿದು ಮೇಲೇಳುತ್ತಿದ್ದವು. ತೋಟದ ಯಜಮಾನರಾಗಿದ್ದ ಗೌಡರು ಮಡದಿ ಸುಶೀಲಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಸುರುಳಿಯನ್ನು ಮತ್ತೆ ಮತ್ತೆ ಹಾಕುತ್ತಿದ್ದರಂತೆ. ಹಾಡು ಏರುತ್ತ ಏರುತ್ತ ಹೋಗಿ ಒಂದು ಕಡೆ ಥಟ್ಟನೆ ಪಿಸುಮಾತಿನಷ್ಟು ಸಣ್ಣಗಾಗುತ್ತಿತ್ತಂತೆ. ಅದಕ್ಕೆ ಸ್ವಲ್ಪ ಮುಂಚೆ ಗೌಡರು ಬಲಗೈ ಎತ್ತುತ್ತಿದ್ದರು. ಈಗ ಕೇಳು, ಎಂದರ್ಥ.

ಗೌಡರ ದನಿ ನಾನು ಕೇಳಿದ್ದೇನೆ. ಬಂಗಲೆಯಲ್ಲಿ ಅವರು ಕಾಫಿ ಕೇಳಿದರೆ ದೂರದ ಲೈನುಮನೆಗಳಲ್ಲಿದ್ದ ಆಳುಗಳು ಎದ್ದು ನಿಲ್ಲುತ್ತಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷದ ಮೇಲೆ ಸುಶೀಲಮ್ಮ ಆ ಸುರುಳಿಯನ್ನು ಆಫೀಸಿಗೆ ತಂದು ನನ್ನ ಮೇಜಿನ ಮೇಲಿಟ್ಟರು. "ಅಷ್ಟು ವರ್ಷದ ಸಂಸಾರದಾಗೆ ಅವ್ರು ನಂಗೆ ಮೆತ್ತಗೆ ಹೇಳಿದ್ದು ಅಂದ್ರೆ ಇದೊಂದೇ ಕಣ್ರೀ ರೈಟ್ರೇ. ಮಿಕ್ಕಿದ್ದೆಲ್ಲ ಗದರಿಕೇನೇ. ಹುಳ ಗಿಳ ಹಿಡಿದೈತೇನೋ, ಒಸಿ ನೋಡಿ" ಎಂದರು.

ನೋಡಿದೆ. ನಡುವಿನ ತೂತುಗಳೆಲ್ಲ ಸಾಲಾಗಿ, ಉದ್ದುದ್ದಕ್ಕೆ ಅಚ್ಚುಕಟ್ಟಾಗಿದ್ದವು. ಅಂಚಿನಲ್ಲಿ ಮಾತ್ರ, ಒಂದೇ ಅಳತೆಯ ಜೋಡಿ ತೂತುಗಳ ಆಚೀಚೆ, ಅಲ್ಲೊಂದು ಇಲ್ಲೊಂದು ಒಂಟಿ ತೂತು. ಹುಳವಲ್ಲದೆ ಇನ್ನೇನು? ನಾಲ್ಕು ದಿನ ಕೂತು ಆ ಒಂಟಿ ತೂತುಗಳಷ್ಟಕ್ಕೂ ತೇಪೆ ಹಾಕಿದೆ. ನನ್ನ ಜೀವಮಾನದ ಅತ್ಯುತ್ತಮ ಕೆಲಸ ಅದು.

ಗೌಡರು ಹೋದಾಗಿನಿಂದ ಯಾರೂ ಮುಟ್ಟದೆ ಕೆಟ್ಟು ನಿಂತಿದ್ದ ಪಿಯಾನೊದ ರಿಪೇರಿಗೆ ಬಂದವನು ಆಲೂರಿನ ರುದ್ರಣ್ಣ. ತೋಟಗಳ ಸ್ಪ್ರೇಯರ್ ಪಂಪು ಬಿಚ್ಚಿ ಕಟ್ಟುವುದು ಅವನ ಕಸುಬು. ಪಿಯಾನೊದ ಹೊಟ್ಟೆ ತೆಗೆದು ನೋಡಿ ನಕ್ಕುಬಿಟ್ಟ. "ಇದೂ ಪಂಪೇ ಕಣ್ರೀ. ಆದ್ರೆ ಊದಲ್ಲ, ಹೀರ್ತೈತೆ." ಕಾಗದದ ತೂತು ಬಂದ ಕಡೆ ಗಾಳಿ ಒಳನುಗ್ಗಿ ತೆಳ್ಳನೆಯ ತೊಗಲನ್ನು ಎತ್ತುತ್ತದೆ, ತೊಗಲು ಒಂದು ವಾಲ್ವನ್ನು ಎತ್ತುತ್ತದೆ, ಸುತ್ತಿಗೆ ತಂತಿಗೆ ಬಡಿಯುತ್ತದೆ. ಹೀರುವ ರಭಸ ಹೆಚ್ಚಾದರೆ ದನಿ ಜೋರು, ಕಡಿಮೆಯಾದರೆ ಮೆತ್ತಗೆ. ಪುಟ್ಟ ಪುಟ್ಟ ಕೊಳವೆಗಳನ್ನು ಬಾಯಿಗಿಟ್ಟು ಎಳೆದೆಳೆದು, ಒಂದೊಂದೇ ವಾಲ್ವು ಟಕ್ ಎನ್ನುವುದನ್ನು ನನಗೂ ಕೇಳಿಸಿದ.

ಒಣಗಿದ ತೊಗಲನ್ನೆಲ್ಲ ಬದಲಾಯಿಸಿದ ಮೇಲೆ ಒಂದು ಮಧ್ಯಾಹ್ನ ಸುರುಳಿ ಹಾಕಿದೆವು. ಹಾಡು ಏರಿತು. ಏರಿದ್ದು ಇಳಿಯಲೇ ಇಲ್ಲ. ಕೊನೆಯವರೆಗೂ ಧಡಧಡ ಬಡಿಯಿತು. ಸುಶೀಲಮ್ಮ ಸೆರಗು ಸರಿಮಾಡಿಕೊಂಡು, "ಆ ಸಣ್ಣಗಾಗೋ ಜಾಗಾನೇ ಇಲ್ವಲ್ಲ. ಅಂಥದ್ದೇನೂ ಇರ್ಲೇ ಇಲ್ವೇನೋ. ನಾನೇ ಅಂದ್ಕೊಂಡಿದ್ನೇನೋ" ಎಂದು ಒಳಗೆ ಹೋದರು. ಆಮೇಲೆ ಎರಡು ತಿಂಗಳು ಅವರು ಪಿಯಾನೊ ಹತ್ತಿರ ಸುಳಿಯಲಿಲ್ಲ.

ರುದ್ರಣ್ಣ ತಪ್ಪು ತನ್ನದೇ ಎಂದು ಮೂರು ಸಲ ಬಿಚ್ಚಿದ, ಮೂರು ಸಲ ಕಟ್ಟಿದ. ತೊಗಲು ದಪ್ಪವಾಯಿತೆಂದು ಕೊರಗಿದ. ನಾನು ಅವನಿಗೆ ಧೈರ್ಯ ಹೇಳಿದೆ, ಅದೂ ದೊಡ್ಡವನ ಗತ್ತಿನಲ್ಲಿ. ಕೊನೆಗೊಂದು ದಿನ ಅವನು ಸುರುಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಇದೇನ್ ರೈಟ್ರೇ, ನೀಲಿ ನೀಲಿ?"

"ಹುಳ ತಿಂದಿತ್ತು. ನಾನೇ ಮುಚ್ಚಿದ್ದು. ಹೆಂಗೈತೆ?"

ರುದ್ರಣ್ಣ ನೆಲದ ಮೇಲೆ ಕೂತುಬಿಟ್ಟ. "ಮಾರಾಯ್ರೇ, ಅಂಚಿನ ತೂತು ರಾಗ ನುಡ್ಸಾಕಲ್ಲ. ಆ ಜೋಡಿ ತೂತು ಬಂದ್ರೆ ರಭಸ ಏರ್ತೈತೆ. ಏರಿದ್ದನ್ನ ಒಳಗಿನ ಸ್ವಿಚ್ಚು ಹಂಗೇ ಹಿಡ್ಕೊಂಡಿರ್ತೈತೆ. ಈ ಒಂಟಿ ತೂತು ಬಂದ್ರೇನೇ ಅದು ಕೈ ಬಿಡೋದು. ನೀವು ಇಳಿಯೋ ದಾರೀನೆಲ್ಲ ಮುಚ್ಬುಟ್ರಲ್ಲ!"

ಒದ್ದೆ ಬಟ್ಟೆ ಇಟ್ಟು ಒಂದೊಂದೇ ತೇಪೆ ಬಿಡಿಸಿದೆ. ಗೌಡರು ಕೈ ಎತ್ತುತ್ತಿದ್ದ ಜಾಗದ್ದು ಮಾತ್ರ ಬರಲಿಲ್ಲ. ಅಲ್ಲಿ ಕಾಗದವನ್ನು ನನ್ನ ಮೈಲುತುತ್ತವೇ ತಿಂದು ಹಪ್ಪಳ ಮಾಡಿತ್ತು. "ಬ್ಲೇಡ್ ಸೋಕಿದ್ರೆ ಸುರುಳೀನೇ ಹರಿದ್ಹೋಯ್ತದೆ, ಮುಟ್ಬ್ಯಾಡಿ" ಎಂದ ರುದ್ರಣ್ಣ.

ಸುಶೀಲಮ್ಮನವರನ್ನು ಕರೆದು ಕೂರಿಸಿ ಸ್ವಿಚ್ ಹಾಕಿದೆವು. ಹಾಡು ಏರಿತು, ಇಳಿಯಿತು, ಮತ್ತೆ ಏರಿತು. ಅವರ ಮುಖ ಬಿಚ್ಚಿಕೊಳ್ಳುತ್ತ ಬಂತು. ಆ ಜಾಗ ಬಂದಾಗ ಮಾತ್ರ ಪಿಯಾನೊ ಅರಚಿತು. ಅವರು ನನ್ನತ್ತ ತಿರುಗಿದರು. ನಾನು ಎಲ್ಲ ಒಪ್ಪಿಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು, ಬೈಯಲಿಲ್ಲ.

"ಅಂದ್ರೆ, ಅಲ್ಲಿ ತೂತು ಐತೆ ಅಂತೀರಾ?"

"ಐತೆ ಅಮ್ಮಾ. ತೇಪೆ ಕೆಳಗೈತೆ."

"ಹಂಗಾದ್ರೆ ನಾನು ಸುಮ್ಮನೆ ಅಂದ್ಕೊಂಡಿದ್ದಲ್ಲ" ಎಂದರು. ಕುರ್ಚಿಯನ್ನು ಪಿಯಾನೊದ ಹತ್ತಿರಕ್ಕೆ ಎಳೆದುಕೊಂಡು, "ಇನ್ನೊಂದ್ಸಲ ಹಾಕಿ" ಎಂದರು.

ಈ ಸಲ ಆ ಜಾಗಕ್ಕೆ ಸ್ವಲ್ಪ ಮುಂಚೆ ಸುಶೀಲಮ್ಮ ತಾವೇ ಬಲಗೈ ಎತ್ತಿದರು. ಪಿಯಾನೊ ಧಡಧಡ ಬಡಿಯುತ್ತಲೇ ಇತ್ತು. ಆ ಗದ್ದಲದ ಒಳಗೆ ಅವರಿಗೆ ಏನು ಕೇಳಿಸುತ್ತಿತ್ತೋ, ಕಣ್ಣು ಮುಚ್ಚಿ ಕೇಳುತ್ತಿದ್ದರು.

ಸುಶೀಲಮ್ಮ ಈಗಿಲ್ಲ. ಬಂಗಲೆ ಹೋಂಸ್ಟೇ ಆಯಿತು. ಪಿಯಾನೊವನ್ನು ಯಾರೋ ಕೊಂಡು, ಸಕಲೇಶಪುರದಿಂದ ಲಾರಿ ತರಿಸಿ ಸಾಗಿಸಿದರಂತೆ. ಸುರುಳಿಯೂ ಜೊತೆಗೇ ಹೋಗಿರಬೇಕು. ಎಲ್ಲೋ ಯಾರದೋ ಮನೆಯಲ್ಲಿ ಅದು ಆ ಜಾಗಕ್ಕೆ ಬಂದು ಅರಚುತ್ತದೆ, ಅಲ್ಲಿ ಕೈ ಎತ್ತುವವರು ಯಾರೂ ಇರುವುದಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಇನ್ನೂ ನಿಂತಿರಲಿಲ್ಲ. ನಾನು ಒಲೆ ಆರಿಸಿ, ಯಾಕೋ ಬಲಗೈ ಎತ್ತಿದೆ. ಹೆಂಡತಿ ತಿರುಗಿ ನೋಡಿ, "ಏನಾಯ್ತ್ರೀ?" ಎಂದಳು.

"ಏನಿಲ್ಲ ಕಣೇ. ಕೂತ್ಕೋ ಬಾ" ಎಂದೆ.

ಅಷ್ಟು ಮೆತ್ತಗೆ ನಾನು ಮಾತಾಡಿದ್ದು ಅವಳಿಗೆ ಹೊಸದು. ಲೋಟವನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು.