ಮುನಿಯಾಚಾರಿ ಕೂರಿಸಿದ ಹತ್ತು ಹಲ್ಲು

ಮುನಿಯಾಚಾರಿ ಶಿವಾರಪಟ್ಟಣದ ಶಿಲ್ಪಿಗಳ ಮನೆತನದವನು. ಅವನ ತಾತ ಕೆತ್ತಿದ ವಿಗ್ರಹಗಳಿಗೆ ಮೂರು ಜಿಲ್ಲೆಗಳಲ್ಲಿ ಪೂಜೆ ನಡೆಯುತ್ತಿತ್ತಂತೆ. ಪೂಜೆ ದೇವರಿಗೆ, ಹಸಿವು ಮನೆಯವರಿಗೆ. ಅದಕ್ಕೇ ಇವನು ಉಳಿ ಸುತ್ತಿಗೆಯನ್ನು ಗಂಟು ಕಟ್ಟಿಕೊಂಡು, ಹೆಂಡತಿ ಅಮ್ಮಾಜಮ್ಮನನ್ನು ಕರೆದುಕೊಂಡು ಊರಿಗಾಮಿನ ಚಿನ್ನದ ಗಣಿಯ ಕೂಲಿ ಲೈನಿಗೆ ಬಂದು ಸೇರಿದ. ಹನ್ನೊಂದು ವರ್ಷ ನೆಲದೊಳಗೆ ಬಂಡೆ ಕೊರೆದ. ದೇವರ ಕಣ್ಣು ಬಿಡಿಸುವ ಕೈಗೆ ಕಂಪನಿಯವರು ಕೊಟ್ಟ ಕೆಲಸ ಅದು.

ಹನ್ನೆರಡನೆಯ ವರ್ಷಕ್ಕೆ ಕೆಮ್ಮು ಹತ್ತಿತು. ಎದೆಗೆ ಕೊಳವೆಯಿಟ್ಟು ನೋಡಿದ ಡಾಕ್ಟರು, 'ಇವನು ಇನ್ನು ಕೆಳಗಿಳಿದರೆ ವರ್ಷ ದಾಟುವುದಿಲ್ಲ' ಎಂದರು. ನಾನು ಆಗ ಕಲ್ಲು ಪರೀಕ್ಷೆಯ ಆಫೀಸಿನಲ್ಲಿ ರೈಟರಾಗಿದ್ದೆ. ನಮ್ಮ ಮೇಲಧಿಕಾರಿ ಟ್ರೆಲೋರ್ ದೊರೆಗೆ ನಯವಾದ ಕೈಯವನೊಬ್ಬ ಬೇಕಾಗಿದ್ದ. ಆಚಾರಿಯನ್ನು ಒಳಗೆ ಕರೆದುಕೊಂಡು ಹೋಗಿ ನಿಲ್ಲಿಸಿದವನು ನಾನೇ. ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಅದನ್ನಾದರೂ ಹೇಳಿಕೊಳ್ಳುತ್ತೇನೆ.

ದೊರೆಗೆ ಒಂದು ಹುಚ್ಚಿತ್ತು. ಚಿನ್ನದ ಊರಿನಲ್ಲಿ ಕೂತು ಅವರು ಏಡಿಗಳ ಧ್ಯಾನ ಮಾಡುತ್ತಿದ್ದರು. ಅದೂ ಹೊಲದ ಏಡಿಯಲ್ಲ, ಸಮುದ್ರದ ಅಲೆ ಬಡಿಯುವ ಮರಳಲ್ಲಿ ಹಿಂಬದಿಯಿಂದ ತೂರಿಕೊಂಡು ಮರೆಯಾಗುವ ಮರಳೇಡಿ. ಮದರಾಸಿನಿಂದ ಅವು ಸೀಸೆಗಳಲ್ಲಿ ಬರುತ್ತಿದ್ದವು. ಅವುಗಳಲ್ಲಿ ಎರಡು ಮುಖ್ಯ ಕುಲ. ಒಂದು ಕೋಳಿಮೊಟ್ಟೆಯ ಹಾಗೆ ಉರುಟು, ಕಚ್ಚಿ ಹಿಡಿಯುವ ಕೊಂಡಿಯೇ ಇಲ್ಲ. ಇನ್ನೊಂದು ಚಪ್ಪಟೆ, ಬೆನ್ನಚಿಪ್ಪಿನ ಮುಂದಂಚಿನಲ್ಲಿ ಗರಗಸದಂತೆ ಸಾಲು ಹಲ್ಲು. ಯಾವುದು ಯಾವ ಕುಲದ ಯಾವ ಕವಲು ಎಂಬುದನ್ನು ಆ ಹಲ್ಲುಗಳನ್ನು ಎಣಿಸಿ ತೀರ್ಮಾನಿಸುತ್ತಿದ್ದರು.

ದೊರೆಯ ಆಸೆ ಕಲ್ಲಾದ ಮರಳೇಡಿಯ ಮೇಲೆ. ನಮ್ಮ ಗಣಿಯ ಬಂಡೆಯಲ್ಲಿ ಅದು ಸಿಕ್ಕುವಂತಿಲ್ಲ. ಜಗತ್ತಿನಲ್ಲಿ ಚಿಪ್ಪಿನ ಪ್ರಾಣಿ ಹುಟ್ಟುವುದಕ್ಕೆ ಮೊದಲಿನ ಬಂಡೆ ಅದು. ಬೇರೆ ಕಡೆಯಲ್ಲೂ ಅಪರೂಪವೇ. ತೆಳು ಚಿಪ್ಪು, ಸತ್ತ ಕೂಡಲೇ ಕೀಲು ಕಳಚುತ್ತದೆ, ಅಲೆ ಅರೆದುಹಾಕುತ್ತದೆ. ಉಳಿದರೆ ಬೆನ್ನಚಿಪ್ಪೊಂದೇ. ಅಂಥದೊಂದು ತಿರುಚಿನಾಪಳ್ಳಿ ಕಡೆಯ ಸುಣ್ಣಕಲ್ಲಿನಲ್ಲಿ ದೊರೆಗೆ ಸಿಕ್ಕಿತು. ಬೆನ್ನು ಮಾತ್ರ ಹೊರಗಿತ್ತು, ಮುಂದಂಚು ಕಲ್ಲಿನೊಳಗೆ ಹೂತಿತ್ತು. 'ಸೂಜಿಯಲ್ಲಿ ಬಿಡಿಸು' ಎಂದು ಆಚಾರಿಗೆ ಕೊಟ್ಟು, ಅದರ ಜೊತೆ ಮದರಾಸಿನ ಸೀಸೆಯನ್ನೂ ಮುಂದಿಟ್ಟು, ದೊರೆ ಎರಡು ತಿಂಗಳು ಊಟಿಗೆ ಹೋದರು. ಬಿಡಿಸಿದ ಮೇಲೆ ಭೂತಗನ್ನಡಿಯಲ್ಲಿ ನೋಡಿ, ಸಿಕ್ಕಿದ್ದು ಸಿಕ್ಕಿದ ಹಾಗೆ ಇದೆಯೆಂದು ಪುಸ್ತಕದಲ್ಲಿ ರುಜು ಹಾಕುವ ಕೆಲಸ ನನ್ನದು.

ಆಚಾರಿ ದಿನವಿಡೀ ಕಿಟಕಿಯ ಬೆಳಕಿಗೆ ಕೂತು ಬಿಡಿಸಿದ. ಸೀಸೆಯ ಏಡಿಗೆ ಒಂದೊಂದು ಪಕ್ಕಕ್ಕೆ ಒಂಬತ್ತು ಹಲ್ಲಿದ್ದವು. ಕಲ್ಲಿನ ಏಡಿಗೆ ಪಕ್ಕಕ್ಕೆ ನಾಲ್ಕೇ, ಮಿಕ್ಕ ಅಂಚು ಬೋಳು. ಸವೆದಿತ್ತೋ, ಮುರಿದಿತ್ತೋ, ಮೊದಲಿನಿಂದಲೂ ಇರಲಿಲ್ಲವೋ, ಶಿವನೇ ಬಲ್ಲ. ಶಿಲ್ಪಿಯ ಮನೆಯಲ್ಲಿ ಹುಟ್ಟಿದವನು ಭಿನ್ನವಾದ ವಿಗ್ರಹವನ್ನು ಕೈದಾಟಿಸಬಾರದು. ದೊರೆ ಸೀಸೆ ಇಟ್ಟುಹೋದದ್ದು ಮಾದರಿಗೇ ಎಂದು ತಿಳಿದ. ಅದೇ ಸುಣ್ಣಕಲ್ಲಿನ ಚೂರಿನಲ್ಲಿ ಹತ್ತು ಹಲ್ಲು ಕೆತ್ತಿ, ಅರಗಿಗೆ ಕಲ್ಲಿನ ಪುಡಿ ಬೆರೆಸಿ, ಪಕ್ಕಕ್ಕೆ ಐದರಂತೆ ಕೂರಿಸಿದ. ನಾನು ಭೂತಗನ್ನಡಿ ಮುಟ್ಟದೆ ರುಜು ಹಾಕಿದೆ. ಊಟದ ಹೊತ್ತಾಗಿತ್ತು.

ಊಟಿಯಿಂದ ಬಂದ ದೊರೆ ಕುಣಿದಾಡಿಬಿಟ್ಟರು. ಕೂಲಿಯವನ ಕೈ ಹಿಡಿದು ಕುಲುಕಿದರು. ಆಚಾರಿ ತನ್ನ ಕೆತ್ತನೆಗೆ ಸಿಕ್ಕ ಮೆಚ್ಚುಗೆ ಎಂದುಕೊಂಡು ನಾಚಿಕೊಂಡ. ಆರು ತಿಂಗಳಿಗೆ ದೊರೆಯ ಲೇಖನ ಲಂಡನ್ನಿನಲ್ಲಿ ಅಚ್ಚಾಯಿತು. ನಾನು ದೊಡ್ಡಸ್ತಿಕೆಯಿಂದ ಅದನ್ನು ಓದಿ ಹೇಳಿದೆ.

"ಏನಯ್ಯಾ ಆಚಾರಿ, ನಿನ್ನ ಏಡಿ ಪುಸ್ತಕ ಸೇರ್ತು! ಇಷ್ಟು ಕೋಟಿ ವರ್ಷದಲ್ಲಿ ಈ ಕುಲದೋರು ಒಂದು ಹಲ್ಲೂ ಬದಲಾಗಿಲ್ಲ ಅಂತ ಬರೆದವ್ರೆ ದೊರೆ."

ಆಚಾರಿಯ ಕೈಯಲ್ಲಿದ್ದ ಸೂಜಿ ನಿಂತಿತು. "ಅದೆಂಗೆ ಬರೀತಾರೆ ರೈಟ್ರಯ್ಯಾ? ಕಲ್ನಾಗೆ ಇದ್ದಿದ್ದು ಪಕ್ಕಕ್ಕೆ ನಾಲ್ಕೇ. ಮಿಕ್ಕಿದ್ದು ನಾನು ಕೂರ್ಸಿದ್ದು. ದೊರೆಗೆ ಗೊತ್ತಿಲ್ವಾ?"

ನಾನು ಬಾಗಿಲು ಹಾಕಿ ಬಂದು ಅವನನ್ನು ಬೈದೆ, ಬೇಡಿಕೊಂಡೆ, ಮತ್ತೆ ಬೈದೆ. ಹೇಳಿದರೆ ಮೋಸಗಾರ ಅಂತ ನಿನ್ನನ್ನು ಕೆಳಕ್ಕೆ ಅಟ್ಟುತ್ತಾರೆ, ನಿನ್ನ ಎದೆಯ ಗತಿ ನಿನಗೇ ಗೊತ್ತು, ಬಾಯಿ ಮುಚ್ಚಿಕೊಂಡಿರು ಎಂದೆ. ರುಜು ಹಾಕಿದ ನಾನೂ ಹೋಗುತ್ತೇನೆ ಎಂಬುದನ್ನು ಮಾತ್ರ ಹೇಳಲಿಲ್ಲ.

"ನಾನು ಮಾಡಿದ್ದುನ್ನ ನಾನು ಮಾಡಿದ್ದು ಅಂದ್ರೆ ಸಾಕು," ಎಂದ ಅವನು. "ದೇವ್ರು ಮಾಡಿದ್ದು ಅಂದ್ರೆ ಎಂಗೆ ತಡ್ಕಳ್ಳಿ?"

ಅಲ್ಲಿಂದ ಅವನು ಸೊರಗತೊಡಗಿದ. ಬುತ್ತಿ ಬಿಚ್ಚುವುದು, ಹಾಗೇ ಕಟ್ಟುವುದು. ದೊರೆ ಒಳಗೆ ಬಂದರೆ ಎದ್ದು ನಿಲ್ಲುತ್ತಿದ್ದ, ಬಾಯಿ ತೆರೆಯುತ್ತಿದ್ದ, ಕೆಮ್ಮು ಬರುತ್ತಿತ್ತು. ದೊರೆಗೆ ಕನ್ನಡ ಬಾರದು. ನಾಲ್ಕು ತಮಿಳು ಹುಕುಂ ಬಿಟ್ಟರೆ ಮಿಕ್ಕದ್ದೆಲ್ಲ ನನ್ನ ಬಾಯಿಂದಲೇ ಆಗಬೇಕು. ಅವನು ನನ್ನ ಮುಖ ನೋಡುತ್ತಿದ್ದ, ನಾನು ಕಡತ ನೋಡುತ್ತಿದ್ದೆ. ಒಂದು ದಿನ ಅಮ್ಮಾಜಮ್ಮ ಬಂದು, "ಊಟ ಬುಟ್ಟವ್ರೆ ಸೋಮಿ, ಕೇಳಿದ್ರೆ ಏಡಿ ಅಂತಾರೆ. ಗಾಳಿಗೀಳಿ ಮೆಟ್ಕಂಡೈತಾ?" ಎಂದು ಕಣ್ಣೀರಿಟ್ಟಳು. ತಾಯಿತ ಕಟ್ಟಿಸು ಎಂದು ಕಳಿಸಿದೆ.

ಅಷ್ಟರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯದವರು ಆ ಕಲ್ಲನ್ನೇ ಕೇಳಿ ಬರೆದರು. ಪೆಟ್ಟಿಗೆ ಹೊತ್ತು ಆಚಾರಿ, ಕಾಗದ ಹಿಡಿದು ನಾನು, ಊರಿಗಾಮಿನಲ್ಲಿ ರೈಲು ಹತ್ತಿದೆವು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅನ್ನುತ್ತಿದ್ದರು. ಅಲ್ಲಿ ಮದರಾಸು ರೈಲಿಗೆ ಒಂದು ಗಂಟೆ ಕಾಯಬೇಕು. ನಾನು ಪಾರ್ಸಲ್ ಆಫೀಸಿಗೆ ಹೋಗಿ ರಸೀದಿ ಬರೆಸಿಕೊಂಡು ಬರುವ ಹೊತ್ತಿಗೆ ಆಚಾರಿ ಪ್ಲಾಟ್‌ಫಾರ್ಮಿನ ಬೇವಿನ ಮರದಡಿ ಕೂತಿದ್ದ. ಪೆಟ್ಟಿಗೆಯ ಮುಚ್ಚಳ ತೆರೆದಿತ್ತು. ವಡೆ ಮಾರುವವಳ ಒಲೆಯಲ್ಲಿ ಸೂಜಿ ಕಾಯಿಸಿ ಕಾಯಿಸಿ, ಅರಗು ಕರಗಿಸಿ, ಹತ್ತನೆಯ ಹಲ್ಲನ್ನು ಬಿಡಿಸುತ್ತಿದ್ದ. ಮೂಲದ ಕಲ್ಲಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಏ, ಏನ್ ಮಾಡ್ದೆಯೋ ಮುಂಡೇಮಗನೇ!" ಎಂದು ಕಿರುಚಿದೆ.

"ನಂದು ನಾನು ಇಸ್ಕಂಡೆ ರೈಟ್ರಯ್ಯಾ," ಎಂದ. ಬಹಳ ದಿನದ ಮೇಲೆ ಅವನ ಮುಖದಲ್ಲಿ ನಗು ಕಂಡೆ. ರೈಲು ಬಂದುಬಿಟ್ಟಿತು. ಮುಚ್ಚಳ ಜಡಿದು ಪೆಟ್ಟಿಗೆಯನ್ನು ಒಳಗೆ ತಳ್ಳಿದೆವು.

ಮೂರು ತಿಂಗಳಿಗೆ ಲಂಡನ್ನಿನಿಂದ ಕಾಗದ ಬಂತು. ಲೇಖನದಲ್ಲಿ ಒಂಬತ್ತೆಂದಿದೆ, ಬಂದ ಕಲ್ಲಿನಲ್ಲಿ ನಾಲ್ಕೇ ಇವೆ, ಏನು ಸಮಾಚಾರ? ದೊರೆ ನಮ್ಮಿಬ್ಬರನ್ನೂ ಕರೆಸಿದರು. ಇಪ್ಪತ್ತು ವರ್ಷದ ಆಸೆಯದು. ಅವರನ್ನೂ ನಾನು ಪೂರ್ತಿ ದೂರಲಾರೆ. "ಏನಾಯಿತೆಂದು ಅವನನ್ನು ಕೇಳು," ಎಂದರು ನನಗೆ ಇಂಗ್ಲಿಷಿನಲ್ಲಿ.

ಆಚಾರಿ ಕೈಮುಗಿದುಕೊಂಡು ಎಲ್ಲವನ್ನೂ ಹೇಳಿದ. ಸೀಸೆಯನ್ನು ಮಾದರಿ ಅಂದುಕೊಂಡದ್ದು, ಅರಗು, ಬೇವಿನ ಮರ, ಒಂದನ್ನೂ ಬಿಡಲಿಲ್ಲ. ನನ್ನ ರುಜುವಿನ ಮಾತೊಂದನ್ನು ಎತ್ತಲಿಲ್ಲ. ಕೊನೆಗೆ ಸೊಂಟದ ಗಂಟು ಬಿಚ್ಚಿ, ಅರಗು ಕೆರೆದು ತೊಳೆದಿಟ್ಟ ಹತ್ತು ಹಲ್ಲನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಎದೆ ಏದುಸಿರಿಡುತ್ತಿತ್ತು. "ಇಷ್ಟು ದೊರೆಗೆ ದಾಟ್ಸಿಬುಡಿ ರೈಟ್ರಯ್ಯಾ," ಎಂದ.

ನಾನು ದೊರೆಯ ಕಡೆ ತಿರುಗಿದೆ. ಸ್ಟೇಷನ್ನಿನಲ್ಲಿ ಕೈಜಾರಿ ಬಿತ್ತಂತೆ, ಮುರಿದ ಚೂರುಗಳನ್ನು ಜೋಪಾನವಾಗಿ ಆರಿಸಿಟ್ಟಿದ್ದಾನಂತೆ ಎಂದೆ. ಕೈಜಾರಿದ್ದಕ್ಕೆ ಬೈದು ಬಿಟ್ಟಾರು, ಮೋಸಕ್ಕೆ ಬಿಡಲಾರರು, ಅವನಿಗೂ ಇದೇ ಒಳ್ಳೆಯದು ಎಂದು ಆ ಕ್ಷಣ ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ನೂರು ನೆವ.

ದೊರೆ ಬಿಡಲಿಲ್ಲ. ಮೇಜು ಗುದ್ದಿ, ಇವನು ನಾಳೆಯಿಂದ ಇಲ್ಲಿ ಕಾಲಿಡಕೂಡದು, ಮೊದಲಿನ ಕೆಲಸಕ್ಕೆ ಹೋಗಲಿ ಎಂದು ಬರೆದುಕೊಟ್ಟರು. ಹತ್ತು ಹಲ್ಲನ್ನು ಹತ್ತಿಯಲ್ಲಿ ಸುತ್ತಿ ಲಂಡನ್ನಿಗೆ ಕಳಿಸಿದರು. ಅಲ್ಲಿ ಅವನ್ನು ಒಂದೊಂದಾಗಿ ಇದ್ದ ಜಾಗಕ್ಕೇ ಅಂಟಿಸಿದರಂತೆ. ಹಾಗೆಂದು ಬಂದ ಕಾಗದವನ್ನು ಕಡತಕ್ಕೆ ಸೇರಿಸಿದವನೂ ನಾನೇ.

ಹೊರಗೆ ಬಂದ ಆಚಾರಿ ಮೆಟ್ಟಿಲ ಮೇಲೆ ಕೂತ. ದೊರೆಯ ಸಿಟ್ಟು ತನ್ನ ನಿಜದ ಮೇಲೆ ಬಂದ ಸಿಟ್ಟೆಂದೇ ಅವನು ತಿಳಿದಿದ್ದ. "ಕ್ವಾಪ ಮಾಡ್ಕಂಡ್ರು. ಮಾಡ್ಕಳ್ಳಿ ಬುಡಿ, ಅವ್ರಿಗೂ ನೋವಲ್ವಾ," ಎಂದು ನನಗೇ ಸಮಾಧಾನ ಹೇಳಿದ. ಮರುದಿನ ಗಣಿಯ ಶಾಫ್ಟಿಗೆ ಇಳಿದ. ಕೊರೆಯುವ ಶಕ್ತಿ ಇಲ್ಲದೆ ಕಲ್ಲು ತುಂಬುತ್ತಿದ್ದ. ಎಂಟು ತಿಂಗಳು. ಕೊನೆಯ ತಿಂಗಳಲ್ಲಿ ಗೋಡೆಗೆ ಒರಗಿ ಕೂತೇ ಇರುತ್ತಿದ್ದನಂತೆ, ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ. ನಾನು ನೋಡಲು ಹೋಗಲಿಲ್ಲ. ಲೈನಿನ ತಿರುವಿನವರೆಗೆ ಎರಡು ಸಲ ಹೋಗಿ ವಾಪಸು ಬಂದೆ.

ತಿಥಿಯಾದ ಮೇಲೆ ಅಮ್ಮಾಜಮ್ಮ ಆಫೀಸಿಗೆ ಬಂದಳು. ಅವಳು ಉಗಿಯಲು ಬಂದಿದ್ದಾಳೆ ಎಂದುಕೊಂಡು ಎದ್ದು ನಿಂತೆ. ಉಗಿಯಲಿ ಎಂದು ಬೇಡಿಕೊಳ್ಳುತ್ತಲೂ ಇದ್ದೆ. ಅವಳು ಸೆರಗಿನೊಳಗಿಂದ ಒಂದು ಎಲೆಯ ಪೊಟ್ಟಣ ತೆಗೆದು ನನ್ನ ಮುಂದಿಟ್ಟಳು. ತಿಥಿಯ ವಡೆ.

"ಮೊದ್ಲು ರೈಟ್ರಯ್ಯಂಗೆ ಕೊಡು ಅಂದಿದ್ರು ಸೋಮಿ," ಎಂದಳು. "ಅವ್ರಿಲ್ದಿದ್ರೆ ನನ್ನ ನಿಜ ನನ್ ಬಾಯಾಗೇ ಸಾಯ್ತಿತ್ತು ಕಣೇ, ಅವ್ರು ಒಂದಕ್ಸರ ಬುಡ್ದಂಗೆ ದೊರೆಗೆ ದಾಟ್ಸಿದ್ರು ಅಂತ ಸಾಯೋಗಂಟ ಏಳ್ತಿದ್ರು."

ಅವಳು ನಿಂತೇ ಇದ್ದಳು. ನಾನು ಅವಳೆದುರಿಗೇ ಪೊಟ್ಟಣ ಬಿಚ್ಚಿ ಆ ವಡೆಯನ್ನು ತಿಂದೆ.