ಆರು ಚುಕ್ಕಿ ನಲವತ್ತು

ಫುಸ್ಸೆಂದು ಬಸ್ಸೊಂದು ಉಸಿರು ಬಿಟ್ಟು ಅಂಗಳದಲ್ಲಿ ನಿಂತಿತು. ಡಿಪೋದ ಮಹಡಿಯ ಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ ಕೂತಿದ್ದ ಗಡಿಯಾರದಕ್ಕ ತಿರುಗಿ ನೋಡಲಿಲ್ಲ. ಬ್ರೇಕಿನ ಸದ್ದಿನಲ್ಲೇ ಇಳಿಯುವ ಡ್ರೈವರ್ ಯಾರೆಂದು ಹೇಳಬಲ್ಲಷ್ಟು ವರ್ಷ ಅವಳು ಅಲ್ಲಿ ಸವೆಸಿದ್ದಳು. ತಮ್ಮನ ಬಸ್ಸಿನ ಸದ್ದು ಮಾತ್ರ ಕೆಲವು ದಿನಗಳಿಂದ ಕೇಳಿರಲಿಲ್ಲ. ವಿಚಾರಣೆ ಮುಗಿಯುವ ತನಕ ಅವನು ಸ್ಟಿಯರಿಂಗ್ ಮುಟ್ಟುವ ಹಾಗಿರಲಿಲ್ಲ.

ಗಡಿಯಾರದಕ್ಕ ಎಂಬುದು ಡಿಪೋದವರು ಇಟ್ಟ ಹೆಸರು. ಇದೇ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪ ಕಣ್ಣು ಮುಚ್ಚಿದಾಗ, ಅವನ ಲೆಕ್ಕದಲ್ಲಿ ಅವಳಿಗೊಂದು ಗುಮಾಸ್ತೆಯ ಕುರ್ಚಿ ಸಿಕ್ಕಿತು. ಅಮ್ಮ ಅದಕ್ಕೂ ಮುಂಚೆಯೇ ಹೋಗಿದ್ದಳು. ತಮ್ಮನ ಶಾಲೆ, ಲೈಸೆನ್ಸು, ಮದುವೆ ಎಂದು ಒಂದೊಂದೇ ದಡ ಮುಟ್ಟಿಸುವ ಹೊತ್ತಿಗೆ ಅವಳ ಮದುವೆಯ ಮಾತೆತ್ತುವವರೇ ಉಳಿದಿರಲಿಲ್ಲ. ಯಾರಾದರೂ ಕೆಣಕಿದರೆ, "ನಾನು ಗಡಿಯಾರಾನ ಕಟ್ಕೊಂಡಿದ್ದೀನಿ ಕಣ್ರೀ, ನಿಮ್ಮ ಗಂಡಂದಿರ ಹಾಗಲ್ಲ, ಹೇಳಿದ ಹೊತ್ತಿಗೆ ಬರುತ್ತೆ" ಎಂದು ನಗುತ್ತಿದ್ದಳು.

ಬಸ್ಸುಗಳಲ್ಲಿ ಕೂರಿಸಿದ ಯಂತ್ರ, ಬಸ್ಸು ಎಲ್ಲಿಂದ ಎಷ್ಟು ಹೊತ್ತಿಗೆ ಹೊರಟಿತು, ಎಲ್ಲಿ ನಿಂತಿತು ಎಂದು ಅವಳ ಕಂಪ್ಯೂಟರಿಗೆ ಕಳಿಸುತ್ತಿತ್ತು. ಆದರೆ ಆ ಯಂತ್ರಕ್ಕೆ ನಿಮಿಷವೆಂದರೆ ಗೊತ್ತಿಲ್ಲ. ಅದು ಗಂಟೆಯನ್ನು ನೂರು ಪಾಲು ಮಾಡುತ್ತದೆ. ಆರೂವರೆ ಅದರ ಬಾಯಲ್ಲಿ 6.50, ಆರೂ ಮುಕ್ಕಾಲು 6.75. ಚುಕ್ಕಿಯ ಆಚೆಗಿನದನ್ನು ಅರವತ್ತರಿಂದ ಗುಣಿಸಿ ಮನುಷ್ಯರ ಗಡಿಯಾರಕ್ಕೆ ತರುವುದೇ ಅವಳ ಕೆಲಸ. ಯಂತ್ರ ಕೆಟ್ಟರೆ ನಿಲ್ದಾಣದ ಕಂಟ್ರೋಲರ್ ಕೈಯಲ್ಲಿ ಬರೆದ ಹೊತ್ತನ್ನು ಅದೇ ಕಾಲಮ್ಮಿಗೆ ತುಂಬುತ್ತಿದ್ದರು. ಕಂಟ್ರೋಲರ್ ಇಡುವುದೂ ಚುಕ್ಕಿಯೇ. ಆದರೆ ಲೋಕದ ಜನರಂತೆ ಅವನ 6.40 ಎಂದರೆ ಆರು ಗಂಟೆ ನಲವತ್ತು ನಿಮಿಷ. ಅಂಥ ಸಾಲಿಗೆ ಹಳದಿ ಬಳಿದು, ಗುಣಿಸದೆ ಬಿಡುವುದು ಅವಳೇ ಕಟ್ಟಿಕೊಂಡ ಕ್ರಮ. ಇಷ್ಟು ವರ್ಷದಲ್ಲಿ ಅದು ತಪ್ಪಿರಲಿಲ್ಲ.

ಕೆಲವು ದಿನಗಳ ಹಿಂದೆ ಒಂದು ಬೆಳಗ್ಗೆ ಊರಾಚೆಯ ತಿರುವಿನಲ್ಲಿ ತಮ್ಮನ ಬಸ್ಸು ಒಮ್ಮೆಲೇ ವಾಲಿ, ಮುದಿ ಕಂಡಕ್ಟರ್ ಬಾಗಿಲಿನಿಂದ ಆಚೆ ಬಿದ್ದು ಸೊಂಟ ಮುರಿದುಕೊಂಡ. ಬಸ್ಸು ಹುಚ್ಚುಕುದುರೆಯ ಹಾಗೆ ಓಡಿತು ಎಂದು ಅವನು ಆಸ್ಪತ್ರೆಯಿಂದ ಹೇಳಿಕೆ ಕೊಟ್ಟ. ಬಸ್ಸು ನಿಧಾನವಾಗಿಯೇ ಇತ್ತು, ಅವನೇ ಬಾಗಿಲಿಗೆ ಜೋತುಬಿದ್ದಿದ್ದ ಎಂದು ತಮ್ಮ ಹೇಳಿದ. ವಿಚಾರಣೆಗೆ ಬಂದ ಅಧಿಕಾರಿ ಆ ದಿನದ ಕೋಷ್ಟಕ ಕೇಳಿದರು. ಅವಳು ಅವಸರದಲ್ಲಿ ಇಡೀ ಕಾಲಮ್ಮಿಗೆ ಒಂದೇ ಸಲ ಗುಣಿಸುವ ಸೂತ್ರ ಹಾಕಿ, ತಮ್ಮನ ಸಾಲನ್ನು ಹುಡುಕಿದಳು. ಹೊರಟದ್ದು ಆರು ಇಪ್ಪತ್ತನಾಲ್ಕಕ್ಕೆ, ತಿರುವಿನಲ್ಲಿ ನಿಂತದ್ದು ಏಳೂ ಕಾಲಿಗೆ. ಅದು ದಿನನಿತ್ಯದ ನಿಧಾನದ ಓಟ. ಅವಳ ಎದೆ ಹಗುರಾಯಿತು. ಹಗುರಾದ ಎದೆ ಲೆಕ್ಕವನ್ನು ಮತ್ತೊಮ್ಮೆ ನೋಡುವುದಿಲ್ಲ.

ಇವತ್ತು ಮಧ್ಯಾಹ್ನ ಅದೇ ಕೋಷ್ಟಕದ ಪ್ರತಿ ಹಿಡಿದು ಕಂಟ್ರೋಲರ್ ಮೆಟ್ಟಿಲು ಹತ್ತಿ ಬಂದ.

"ಏನಕ್ಕಾ, ನನಗೇ ಮಾಟ ಮಾಡ್ಬಿಟ್ರಲ್ಲ! ನಾನು ಆರು ನಲವತ್ತಕ್ಕೆ ಬಿಟ್ಟ ಬಸ್ಸನ್ನ ನೀವು ಆರು ಇಪ್ಪತ್ನಾಲ್ಕಕ್ಕೇ ಬಿಟ್ಟಿದ್ದೀರಿ."

ಅವಳು ಕಂಪ್ಯೂಟರಿನಲ್ಲಿ ಮೂಲ ಸಾಲು ತೆಗೆದು ನೋಡಿದಳು. ಹೊರಡುವಾಗ ಬಸ್ಸಿನ ಯಂತ್ರ ಸತ್ತಿತ್ತು, ದಾರಿಯಲ್ಲಿ ಮತ್ತೆ ಜೀವ ಬಂದು ತಿರುವಿನ ಹೊತ್ತನ್ನು ಕಳಿಸಿತ್ತು. 6.40 ಕೈಬರಹದ್ದು. ಹಳದಿ ಇರಲಿಲ್ಲ; ಸೂತ್ರ ಆ ನಲವತ್ತನ್ನೂ ಗುಣಿಸಿ ಇಪ್ಪತ್ತನಾಲ್ಕು ಮಾಡಿತ್ತು.

"ಟಯರ್ ಬದಲಾಯಿಸಿ ತಡ ಆಗಿತ್ತು, ನನಗೆ ಚೆನ್ನಾಗಿ ನೆನಪಿದೆ" ಎಂದ ಕಂಟ್ರೋಲರ್. ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದ. "ಈ ಕೋಷ್ಟಕಕ್ಕೆ ಸಾಕ್ಷಿ ಸಹಿ ಹಾಕು ಅಂತ ವಿಚಾರಣೆ ಸಾಹೇಬರು ಕರೆದಿದ್ದಾರೆ. ಹಾಕ್ತೀನಿ ಬಿಡಿ. ನಿಮ್ಮ ತಮ್ಮ ಅಂದ್ರೆ ನಮಗೇನು ಹೊರಗಿನವನಾ?"

ಅವನು ಇಳಿದು ಹೋದ ಮೇಲೆ ಅವಳು ಮತ್ತೆ ಲೆಕ್ಕ ಹಾಕಿದಳು. ಐವತ್ತು ನಿಮಿಷದ ದಾರಿಯನ್ನು ತಮ್ಮ ಮೂವತ್ತೈದರಲ್ಲಿ ಮುಗಿಸಿದ್ದ.

ಕೆಳಗೆ ಚಹಾದಂಗಡಿಯ ಬೆಂಚಿನ ಮೇಲೆ ತಮ್ಮ ಕಾಯುತ್ತಿದ್ದ. ಅವಳು ಪಕ್ಕದಲ್ಲಿ ಕೂತು ನೇರ ಕೇಳಿದಳು.

"ಎಷ್ಟು ಹೊತ್ತಿಗೆ ಹೊರಟೆ?"

"ಕೋಷ್ಟಕದಲ್ಲಿ ಇದೆಯಲ್ಲ."

"ಅದನ್ನ ಮಾಡಿದವಳು ನಾನು. ನಿನ್ನ ಬಾಯಲ್ಲಿ ಹೇಳು."

ಅವನು ಲೋಟವನ್ನು ಅಂಗೈಗಳ ನಡುವೆ ಉರುಳಿಸಿದ. "ತಡ ಆದ್ರೆ ಮೆಮೊ ಕೊಡ್ತಾರಕ್ಕಾ. ಓಡಿಸಿದೆ. 'ಮೆಲ್ಲಗೆ ಮಾರಾಯಾ' ಅಂತ ಮುದುಕ ಎರಡು ಸಲ ಸೀಟಿ ಊದಿದ. ಎಲ್ಲ ಆಗ್ಹೋಯ್ತು. ನೀನೇನು ಬೇಕೂಂತ ಮಾಡಿದ್ಯಾ? ಕಣ್ತಪ್ಪು."

"ನಿನ್ನೆವರೆಗೂ ಕಣ್ತಪ್ಪು. ಇವತ್ತು ಕಣ್ಣಿಗೆ ಬಿತ್ತಲ್ಲ."

"ಕಣ್ಣು ಮುಚ್ಕೋ. ನನ್ನ ಲೈಸೆನ್ಸ್ ಹೋದ್ರೆ ಏನು ಮಾಡ್ಲಿ? ಸ್ಟಿಯರಿಂಗ್ ಬಿಟ್ಟು ಬೇರೇನು ಬರುತ್ತೆ ನನಗೆ?"

"ಆ ಮುದುಕನಿಗೆ ಏನು ಬರುತ್ತೆ? ತನ್ನ ತಪ್ಪಿಂದ ಬಿದ್ದ ಅಂತ ಬರೆದ್ರೆ ಪರಿಹಾರ ಇಲ್ಲ, ಕೆಲಸ ಇಲ್ಲ. ಹಾಸಿಗೆ ಬಿಟ್ಟು ಏಳೋಕೂ ಹೆಂಡತಿ ಹೆಗಲು ಬೇಕು."

"ಓಹೋ! ನಿನಗೆ ನನಗಿಂತ ಆ ಮುದುಕ ಹೆಚ್ಚಾದ್ನಾ?"

 ಹೆಚ್ಚು ಯಾರೆಂದು ಅವನಿಗೂ ಗೊತ್ತಿತ್ತು, ಅದಕ್ಕೇ ಕೇಳಿದ್ದ. ಅವನ ಕತ್ತಿನ ಹಿಂದೆ ಕೂದಲು ಸುಳಿಯಾಗಿ ನಿಂತಿತ್ತು. ಎಷ್ಟು ಎಣ್ಣೆ ಹಚ್ಚಿ ಬಾಚಿದರೂ ಬಗ್ಗದ ಸುಳಿ ಅದು. ಅದನ್ನು ನೋಡುತ್ತ ಕೂತರೆ ತಾನು ಏಳಲಾರೆ ಎನಿಸಿತು. ಅಂಗಳದ ಆ ತುದಿಯಲ್ಲಿ ವಿಚಾರಣೆಯ ಅಧಿಕಾರಿಯ ಕೋಣೆಯ ಬಾಗಿಲು ತೆರೆದಿತ್ತು.

"ಸಣ್ಣವನಿದ್ದಾಗ ನಾನು ಕಿಟಕಿ ಗಾಜು ಒಡೆದು ಬಂದ್ರೆ, ಪಕ್ಕದ ಮನೆಯವರ ಹತ್ರ 'ನಾನೇ ಒಡೆದೆ' ಅಂತ ನೀನು ಹೇಳ್ತಿದ್ದೆ. ನೆನಪಿದೆಯಾ?" ಅವನ ದನಿ ಮೆತ್ತಗಾಗಿತ್ತು.

"ಇದೆ. ಅಲ್ಲೇ ಕೆಡಿಸಿದೆ ನಿನ್ನ."

"ಹಂಗಂದ್ರೆ? ಅಕ್ಕಾ, ಕೂತ್ಕೋ. ಚಹಾ ಆರುತ್ತೆ. ನೋಡು, ನಾನೇ ಆ ಮುದುಕನ ಮನೆಗೆ ಹೋಗ್ತೀನಿ, ಕಾಲು ಬೇಕಾದ್ರೂ ಹಿಡೀತೀನಿ, ತಿಂಗಳು ತಿಂಗಳು ಕೈಲಾದಷ್ಟು..."

ಅವನು ಇನ್ನೂ ಲೋಟದ ಕಡೆಗೇ ನೋಡುತ್ತ ಹೇಳುತ್ತಿದ್ದ. ಅವಳು ಆಗಲೇ ಎದ್ದು, ಸೆರಗು ಬಿಗಿಮಾಡಿ, ನಿಂತ ಬಸ್ಸುಗಳ ನಡುವೆ ಆ ಬಾಗಿಲಿನ ಕಡೆಗೆ ನಡೆಯತೊಡಗಿದ್ದಳು.