ಗೋಡೆ ಬದಿಯ ಪಾಲಕ್

ನನ್ನ ಕೆಲಸ ಹೋದದ್ದು ಜನವರಿಯಲ್ಲಿ. ಮಗಳಿಗೆ ಎರಡು ವರ್ಷ ತುಂಬಲು ಇನ್ನೂ ಐದು ತಿಂಗಳಿತ್ತು. ಆಗ ನಾವು ಫ್ರೀಮಾಂಟ್ ಬಡಾವಣೆಯ ಏರಿನಲ್ಲಿ ಒಂದು ಹಳೆಯ ಮರದ ಮನೆಯಲ್ಲಿ ಬಾಡಿಗೆಗಿದ್ದೆವು. ಹೆಂಡತಿಯ ಆಫೀಸು ಅಲ್ಲಿಂದ ಹತ್ತು ನಿಮಿಷದ ನಡಿಗೆ. ನಾನು ಅವಳ ಅವಲಂಬಿತನೆಂದು ವೀಸಾ ಬದಲಿಸಿಕೊಂಡೆ, ಡೇಕೇರ್ ಬಿಡಿಸಿದೆವು, ಮಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಹೆಂಡತಿ ರೇನ್‌ಕೋಟು ಹಾಕಿಕೊಂಡು ಇಳಿಜಾರಿನಲ್ಲಿ ಇಳಿದುಹೋಗುವುದನ್ನು ನಾವಿಬ್ಬರೂ ಕಿಟಕಿಯಿಂದ ನೋಡುತ್ತಿದ್ದೆವು. ಆಮೇಲೆ ಸಂಜೆಯ ತನಕ ಏನು ಮಾಡಬೇಕೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ.

ಮಾರ್ಚಿನಲ್ಲಿ ಎರಡು ದಿನ ಬಿಸಿಲು ಬಿತ್ತು. ಮನೆಯ ದಕ್ಷಿಣದ ಗೋಡೆಗೆ ಅಂಟಿಕೊಂಡು ಒಂದು ಮಾರು ಅಗಲದ ಮಣ್ಣಿನ ಪಟ್ಟಿಯಿತ್ತು. ಇಡೀ ಹಿತ್ತಿಲಿನಲ್ಲಿ ಬಿಸಿಲು ಬೀಳುವ ಜಾಗ ಅದೊಂದೇ. ಕಳೆ ಕಿತ್ತು, ಮಣ್ಣು ಅಗೆದು ಪಾತಿ ಮಾಡಿದೆ. ಗೋಡೆಯ ಬಿಳಿ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಪಾತಿಯ ತುಂಬ ಅದೇ ಉದುರಿಕೊಂಡಿತ್ತು. ದೊಡ್ಡ ಚಕ್ಕೆಗಳನ್ನು ಆರಿಸಿ ಎಸೆದೆ, ಸಣ್ಣವನ್ನು ಮಣ್ಣಿನಲ್ಲೇ ಕಲಸಿಬಿಟ್ಟೆ. ಸುಣ್ಣದಂತಿತ್ತು, ಗಿಡಕ್ಕೆ ಒಳ್ಳೆಯದೇ ಇರಬಹುದು ಅಂದುಕೊಂಡದ್ದೂ ನೆನಪಿದೆ. ಮಗಳು ಪಕ್ಕದಲ್ಲಿ ಕೂತು ಚಮಚದಿಂದ ಮಣ್ಣು ತೋಡುತ್ತಿದ್ದಳು. ಆಗಾಗ ಬೆರಳು ಬಾಯಿಗೆ ಹೋಗುತ್ತಿತ್ತು. ನಾನು ಬೈಯಲಿಲ್ಲ. ನಮ್ಮೂರ ಕಡೆ ಮಣ್ಣು ತಿನ್ನದೆ ಬೆಳೆದ ಮಕ್ಕಳು ಯಾರಿದ್ದಾರೆ?

ಪಾಲಕ್ ಬೀಜವನ್ನು ಒಂದು ದಿನ ನೀರಿನಲ್ಲಿ ನೆನೆಸಿ ಬಿತ್ತಿದೆ. ಚಳಿಯಲ್ಲೂ ಮೊಳೆಯುವ ಸೊಪ್ಪು ಅದು. ಹನ್ನೆರಡನೆಯ ದಿನಕ್ಕೆ ಹುಲ್ಲಿನೆಸಳಿನಂಥ ಎರಡೆರಡು ಎಲೆ ತೋರಿದವು. ಆಮೇಲೆ ಮಳೆ, ಮಳೆಯ ಹಿಂದೆ ಚಿಪ್ಪಿಲ್ಲದ ಬಸವನಹುಳುಗಳು. ಬೆಳಿಗ್ಗೆ ಎದ್ದರೆ ಸಾಲಿಗೆ ಸಾಲೇ ಮಾಯವಾಗಿರುತ್ತಿತ್ತು. ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹುಳ ಆರಿಸಿ ಡಬ್ಬಿಗೆ ಹಾಕುತ್ತಿದ್ದೆ. ಕೆಲಸಗಳಿಗೆ ಅರ್ಜಿ ಹಾಕುವುದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಆ ಕೆಲಸ ಮಾಡಿದೆ ಎನ್ನಬೇಕು.

ಮೇ ಹೊತ್ತಿಗೆ ಎಲೆಗಳು ಅಂಗೈಯಗಲವಾದವು. ಬುಡ ಕೀಳದೆ ಹೊರಗಿನ ಎಲೆಗಳನ್ನಷ್ಟೇ ಕತ್ತರಿಸಿದರೆ ನಡುವಿನಿಂದ ಮತ್ತೆ ಚಿಗುರುತ್ತದೆ. ವಾರಕ್ಕೆ ಮೂರು ದಿನ ಒಂದು ಬುಟ್ಟಿ ಸೊಪ್ಪು ಸಿಗುತ್ತಿತ್ತು. ಏನು ಕೊಟ್ಟರೂ ಉಗುಳುತ್ತಿದ್ದ ಮಗಳು, ಪಾಲಕ್ ಮತ್ತು ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿದ ಕಿಚಡಿಯನ್ನು ಬಟ್ಟಲು ನೆಕ್ಕಿ ತಿಂದಳು. ಗದುಗಿನಲ್ಲಿದ್ದ ಅವ್ವನಿಗೆ ವಿಡಿಯೋದಲ್ಲಿ ಪಾತಿ ತೋರಿಸಿದೆ.

"ಏನ್ ಛಲೋ ಬಂದೈತೊ ತಮ್ಮಾ! ಕೂಸಿಗೆ ದಿನಾ ತಿನ್ಸು, ಮೈ ಹಿಡೀತೈತಿ," ಅಂದಳು.

ಹೆಂಡತಿಗೂ ಸಮಾಧಾನವಾಗಿತ್ತು. "ಎಷ್ಟು ದಿನ ಆಯ್ತು ನೀನು ಹೀಗೆ ಖುಷಿಯಾಗಿದ್ದು," ಅಂದಳು ಒಂದು ಸಂಜೆ. ಹೌದು, ಖುಷಿಯಾಗಿಯೇ ಇದ್ದೆ. ಅದನ್ನು ಒಪ್ಪಿಕೊಳ್ಳುವುದು ಈಗ ಕಷ್ಟ.

ಜೂನಿನಲ್ಲಿ ಮಗಳ ಎರಡು ವರ್ಷದ ತಪಾಸಣೆ. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದರು. ಎರಡು ದಿನ ಬಿಟ್ಟು ನರ್ಸ್ ಫೋನ್ ಮಾಡಿದಳು. ರಕ್ತದಲ್ಲಿ ಸೀಸದ ಅಂಶ ಇರಬೇಕಾದ್ದಕ್ಕಿಂತ ಹೆಚ್ಚಿದೆ, ಸೀಸ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ, ಆದರೆ ಬೆರಳಿನ ಪರೀಕ್ಷೆ ಕೆಲವೊಮ್ಮೆ ತಪ್ಪಾಗುತ್ತದೆ, ತೋಳಿನಿಂದ ರಕ್ತ ತೆಗೆದು ಮತ್ತೆ ನೋಡೋಣ ಅಂದಳು. ಮತ್ತೆ ನೋಡಿದರು. ತಪ್ಪಾಗಿರಲಿಲ್ಲ.

ನರ್ಸಿನ ಬಳಿ ಒಂದು ಪಟ್ಟಿಯಿತ್ತು. ಊರಿನಿಂದ ತಂದ ಅರಿಸಿನ ಬಳಸುತ್ತೀರಾ? ಕಣ್ಣಿಗೆ ಕಾಡಿಗೆ ಹಚ್ಚುತ್ತೀರಾ? ಹಿತ್ತಾಳೆ ಪಾತ್ರೆ? ಎಲ್ಲಕ್ಕೂ ಹೌದು ಅನ್ನುವಂತಿತ್ತು. ಅರಿಸಿನ, ಕಾಡಿಗೆ ಎರಡೂ ಮೈಸೂರಿನಿಂದ ನನ್ನ ಅತ್ತೆ ಕಳಿಸಿದ್ದವು. ಹೆಂಡತಿ ಆ ದಿನವೇ ತಾಯಿಗೆ ಕಾಲ್ ಮಾಡಿ, ಅರಿಸಿನ ಎಲ್ಲಿ ತಗೊಂಡೆ, ಯಾರು ಪುಡಿ ಮಾಡಿದ್ದು ಎಂದು ಪೊಲೀಸಿನವರಂತೆ ಕೇಳಿದಳು. "ನನ್ನ ಮೊಮ್ಮಗಳಿಗೆ ನಾನೇ ವಿಷ ಹಾಕ್ತೀನೇನೇ?" ಎಂದು ಆ ಹೆಂಗಸು ಫೋನಿನಲ್ಲೇ ಅತ್ತುಬಿಟ್ಟರು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ. ಅರಿಸಿನವೇ ಆಗಿರಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ.

ಮುಂದಿನ ವಾರ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಆರೋಗ್ಯ ಇಲಾಖೆಯಿಂದ ಒಬ್ಬ ಹೆಂಗಸು ಬಂದಳು. ವಯಸ್ಸಾದವಳು, ಮೆಲುಮಾತಿನವಳು. ಅರಿಸಿನ, ಕಾಡಿಗೆಗಳನ್ನು ಪೊಟ್ಟಣಕ್ಕೆ ಹಾಕಿಕೊಂಡಳು. ಸೀಸ ಅಳೆಯುವ, ಬಂದೂಕಿನಂಥ ಒಂದು ಯಂತ್ರವನ್ನು ಹಿತ್ತಾಳೆ ಪಾತ್ರೆಗಳಿಗೆ, ಕಿಟಕಿಯ ಚೌಕಟ್ಟಿಗೆ, ಬಾಗಿಲಿಗೆ ಒತ್ತಿ ಒತ್ತಿ ನೋಡಿದಳು. ಕೊನೆಗೆ ಹಿತ್ತಿಲಿಗೆ ಬಂದು ದಕ್ಷಿಣದ ಗೋಡೆಗೆ ಅದನ್ನು ಹಿಡಿದಳು. ಯಂತ್ರದ ಅಂಕಿ ನೋಡಿದವಳೇ ಕೆಳಗೆ ಪಾತಿಯನ್ನು ನೋಡಿದಳು.

"ಈ ಪಾಲಕ್ ಯಾರು ತಿನ್ನುತ್ತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ನನ್ನ ಮಗಳು," ಅಂದೆ.

ಅವಳು ಮಣ್ಣನ್ನು ನಾಲ್ಕು ಚೀಲಗಳಿಗೆ ತುಂಬಿಕೊಂಡಳು.

ವರದಿ ಬಂತು. ಅರಿಸಿನದಲ್ಲಿ ಏನೂ ಇರಲಿಲ್ಲ. ಕಾಡಿಗೆ, ಪಾತ್ರೆಗಳೂ ಸರಿಯಿದ್ದವು. ಗೋಡೆಯದು ಹಿಂದಿನ ಕಾಲದ ಸೀಸದ ಬಣ್ಣ. ಅಷ್ಟು ವರ್ಷ ಉದುರಿ ಉದುರಿ ಆ ಮಣ್ಣಿನಲ್ಲಿ ಸೀಸ ತುಂಬಿಹೋಗಿತ್ತು. ಎಲೆಗಿಂತ ಮಗುವಿನ ಕೈಯಿಂದ ಬಾಯಿಗೆ ಹೋದ ಮಣ್ಣೇ ಹೆಚ್ಚು ಇರಬೇಕು ಎಂದು ಆಕೆ ಫೋನಿನಲ್ಲಿ ವಿವರಿಸಿದಳು. ಸಮಾಧಾನಕ್ಕೆಂದು ಹೇಳಿದಳೇನೋ. ಎಲೆಯಾದರೂ ಮಣ್ಣಾದರೂ ಎರಡನ್ನೂ ಕೊಟ್ಟವನು ನಾನೇ.

ಆ ಮಧ್ಯಾಹ್ನ ಕೈಗವಸು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪಾಲಕ್ಕನ್ನೆಲ್ಲ ಬೇರು ಸಮೇತ ಕಿತ್ತೆ. ಹಗಲು ಉದ್ದವಾಗಿ ಗಿಡಗಳು ಆಗಲೇ ದಂಟು ಎತ್ತಿ ಹೂ ಬಿಡತೊಡಗಿದ್ದವು. ಮಗಳು ಕಿಟಕಿಯ ಗಾಜಿಗೆ ಮುಖ ಒತ್ತಿ, ಹೊರಗೆ ಬರುತ್ತೇನೆಂದು ಅಳುತ್ತಿದ್ದಳು.

ಸಂಜೆ ಹೆಂಡತಿ ಬಾಡಿಗೆಯ ಕಾಗದಗಳನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಹಳೆಯ ಮನೆ, ಸೀಸದ ಬಣ್ಣವಿರಬಹುದು, ಮಕ್ಕಳಿದ್ದರೆ ಜೋಪಾನ ಎಂದು ಒಂದು ಇಡೀ ಪುಟ ಅದರಲ್ಲಿತ್ತು.

"ಇಲ್ಲಿ ನಿನ್ನ ಸೈನ್ ಇದೆ," ಅಂದಳು.

"ಓದಿರ್ಲಿಲ್ಲ. ಎಲ್ಲಾ ಪೇಜಿಗೂ ಒಂದೇ ಸಲ ಸೈನ್ ಮಾಡ್ದೆ."

"ನೀನು ಬೇಕಂತ ಮಾಡಿಲ್ಲ, ಅದು ನಂಗೊತ್ತು. ಆದ್ರೂ ಸ್ವಲ್ಪ ದಿನ ನನ್ನ ಹತ್ರ ಮಾತಾಡ್ಬೇಡ, ಪ್ಲೀಸ್."

ಸ್ವಲ್ಪ ದಿನ ಅಂದದ್ದು ಬೇಸಿಗೆ ಮುಗಿಯುವ ತನಕ ನಡೆಯಿತು. ಮಗಳ ಊಟ, ಔಷಧ, ಡಾಕ್ಟರ ಭೇಟಿ ಇಷ್ಟರ ಬಗ್ಗೆ ಮಾತ್ರ ಮಾತಾಡುತ್ತಿದ್ದೆವು. ಅತ್ತೆಗೆ ಫೋನ್ ಮಾಡಿ ಕ್ಷಮೆ ಕೇಳಿದವನು ನಾನು. "ಬಿಡಿ, ನಿಮ್ಗೇನು ಗೊತ್ತಿತ್ತು," ಎಂದರು. ಆದರೆ ಆಮೇಲೆ ಅವರು ಊರಿನಿಂದ ತಿನ್ನುವ ಪದಾರ್ಥ ಯಾವುದನ್ನೂ ಕಳಿಸಲಿಲ್ಲ. ನನ್ನ ಅವ್ವನಿಗೆ ನಾನು ಈವರೆಗೂ ಏನೂ ಹೇಳಿಲ್ಲ. ಪಾಲಕ್ ಹೇಗಿದೆ ಎಂದು ಕೇಳಿದಾಗ, "ಹುಳ ಹತ್ತಿ ಹೋತವ್ವಾ," ಅಂದೆ.

ವರದಿ ಬಂದ ತಿಂಗಳೊಳಗೆ ಹೊರವಲಯದ ಬಾತೆಲ್ ಊರಿನ ನಾರ್ತ್ ಕ್ರೀಕ್ ಹತ್ತಿರ ಹೊಸ ಅಪಾರ್ಟ್‌ಮೆಂಟಿಗೆ ಬಂದೆವು. ಮಣ್ಣಿಲ್ಲದ ಮೂರನೆಯ ಮಹಡಿ. ಮೂರು ತಿಂಗಳಿಗೊಮ್ಮೆ ರಕ್ತ ತೆಗೆಸುವಾಗ ಮಗಳ ತೋಳು ಅದುಮಿ ಹಿಡಿಯುವುದು ನನ್ನ ಕೆಲಸವಾಗಿತ್ತು. ಅಂಕಿ ಮೆಲ್ಲಗೆ ಇಳಿಯಿತು. ಹೀಗೆ ಎರಡು ವರ್ಷ ಕಳೆಯುವಷ್ಟರಲ್ಲಿ, ಇನ್ನು ಪರೀಕ್ಷೆ ಬೇಡ ಅಂದರು ಡಾಕ್ಟರು. ಅಷ್ಟರಲ್ಲಿ ನನಗೂ ಕೆಲಸ ಸಿಕ್ಕಿತ್ತು, ಮನೆಯಲ್ಲಿ ಮಾತೂ ಮರಳಿತ್ತು. ಹೆಂಡತಿ ಅಂಗಡಿಯಿಂದ ಪಾಲಕ್ ತಂದು ಪಪ್ಪು ಮಾಡುತ್ತಾಳೆ. ನಾನೂ ತಿನ್ನುತ್ತೇನೆ.

ಆದರೆ ಮಗಳಿಗೆ ಮಾತು ತಡವಾಗಿ ಬಂತು. ಈಗ ಅವಳಿಗೆ ಐದು ವರ್ಷ. ನಮ್ಮ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಆ ಇಂಗ್ಲಿಷಿನಲ್ಲೂ ಪದಕ್ಕಾಗಿ ತಡಕಾಡುತ್ತಾಳೆ. ಶಾಲೆಯಲ್ಲಿ ವಾರಕ್ಕೆರಡು ದಿನ ಮಾತು ಕಲಿಸುವ ಟೀಚರ ಬಳಿ ಕೂರುತ್ತಾಳೆ. ಇದು ಆ ಸೀಸದಿಂದಲೇ ಆಯಿತೇ ಎಂದು ನಾನೊಬ್ಬನೇ ಹೋಗಿ ಡಾಕ್ಟರನ್ನು ಕೇಳಿದೆ. "ಇರಬಹುದು, ಇಲ್ಲದಿರಬಹುದು. ಯಾರೂ ಖಚಿತವಾಗಿ ಹೇಳಲಾರರು. ಎಷ್ಟೋ ಮಕ್ಕಳಿಗೆ ಸುಮ್ಮನೆ ತಡವಾಗುತ್ತದೆ," ಅಂದರು. ಇದನ್ನು ಹೆಂಡತಿಗೆ ಹೇಳಿದೆ. "ನಾನೂ ಕೇಳಿದ್ದೆ. ನಂಗೂ ಅದನ್ನೇ ಹೇಳಿದ್ರು," ಅಂದಳು.

ಹೋದ ಭಾನುವಾರ ಮಗಳನ್ನು ಪಕ್ಕದ ಊರಾದ ಕೆನ್ಮೋರಿನ ಕೆರೆದಂಡೆಗೆ ಕರೆದುಕೊಂಡು ಹೋಗಿದ್ದೆ. ನೀರಿನಂಚಿನಲ್ಲಿ ಬೂದುಬಣ್ಣದ, ಉದ್ದ ಕಾಲಿನ ಕೊಕ್ಕರೆಯೊಂದು ಅಲುಗಾಡದೆ ನಿಂತಿತ್ತು. ಅದರ ಹೆಸರನ್ನು ಅವಳು ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದಾಳೆ. ಕೈ ಚಾಚಿ, "ಡ್ಯಾಡಿ, ಲುಕ್, ದಟ್ಸ್ ಎ... ಎ..." ಎಂದು ನಿಂತುಬಿಟ್ಟಳು. ಪದ ಎತ್ತಿಕೊಡಬೇಡಿ, ಕಾಯಿರಿ ಎಂದು ಟೀಚರು ಹೇಳಿದ್ದಾರೆ. ಕಾದೆ. ಅವಳ ತುಟಿ ಅಲುಗಿತು, ಹುಬ್ಬು ಗಂಟಾಯಿತು. ಕೊನೆಗೆ, "ಬರ್ಡ್," ಅಂದಳು.

"ಹೌದವ್ವಾ, ಹಕ್ಕಿ," ಅಂದೆ.

ಅದು ಅವಳು ಹುಡುಕುತ್ತಿದ್ದ ಪದವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.